ಯುವ ಘಟಕಕ್ಕ ಸೇರಲೋ ಬ್ಯಾಡೋ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯೊಳಗ ಪಂಚಾಯತಿ ಬಗ್ಗೆ ಬರಿಯೋವಾಗ ನಾನೂ ಒಂಬತ್ತ ವರ್ಷ ಒಂದು ಪಕ್ಷದ ಯುವ ಘಟಕದಾಗ ಇದ್ದೆ ಅಂತ ಒಂದ್ ಸಾಲು ಬರದಿದ್ದೆ ನೋಡ್ರಿ, ಈ ಸಲ ಬಂದ ಪತ್ರ, ವಾಟ್ಸಾಪ್ ಎಲ್ಲಾ ಅದರ ಮ್ಯಾಲೇ ಬಂದಾವು. ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಜಿಲ್ಲಾದಿಂದ. ಹಂಗಾಗಿ ಬ್ಯಾರೆ ಪ್ರಶ್ನೆ ಮುಂದಿನ ಸಲಕ್ಕ ಇಟಗೊಂಡು ಇವತ್ತ ಇದನ್ನಷ್ಟ ಮಾತಾಡೂಣು. ನಾ ಇದ್ದದ್ದು ಯಾವ ಪಕ್ಷ ಅಂತ ಭಾಳ ಮಂದಿ ಕೇಳೀರಿ, ಹೇಳೂದಿಲ್ಲ, ಯಾಕಂದ್ರ ಕೆಳಗ ಹೇಳಿದ್ದು ನಮ್ಮ ರಾಜ್ಯದ ಮೂರೂ ದೊಡ್ಡ ಪಕ್ಷಕ್ಕ ಹೊಂದತೈತಿ.

ಪ್ರಶ್ನೆ: ಅಣ್ಣಾರ ನಮಸ್ಕಾರ. ನನಗ 23 ವರ್ಷ, ಬಿ.ಎ. ಮುಗಿಸಿ ಪಿಡಿಒ ಪರೀಕ್ಷಾಕ್ಕ ಓದಾಕತ್ತೀನಿ. ನಮ್ಮ ಭಾಗದ ಮುಖಂಡ್ರು ಕರದು ತಾಲೂಕಾ ಯುವ ಘಟಕದ ಪ್ರಧಾನ ಕಾರ್ಯದರ್ಶಿ ಮಾಡತೀವಿ ಅಂದಾರ. ಆದ್ರ ಸಾಹೇಬ್ರ ಹುಟ್ಟುಹಬ್ಬಕ್ಕ ಫ್ಲೆಕ್ಸ್ ನಾನ ಹಾಕಸಬೇಕಂತ, ಸಮಾವೇಶಕ್ಕ ಎರಡ ಕ್ರೂಸರ್ ಮಂದಿ ತರಬೇಕಂತ. ಅಪ್ಪ ಬ್ಯಾಡ ಅಂತಾನ, ಗೆಳ್ಯಾರು ಇಂಥ ಚಾನ್ಸ್ ಮತ್ತ ಬರೂದಿಲ್ಲ ಅಂತಾರ. ಏನ ಮಾಡ್ಲಿ?
ಒಬ್ಬ ಓದುಗ, ಜಮಖಂಡಿ ತಾಲೂಕು

ಉತ್ತರ: ತಮ್ಮಾ, ನಿನ್ನ ಪತ್ರ ಓದಿದಾಗ ನನಗ ನನ್ನ 24ನೇ ವರ್ಷ ಕಣ್ಣ ಮುಂದ ಬಂತು. ನನಗೂ ಹಿಂಗ ಕರದಿದ್ರು, ಶಾಲು ಹೊಚ್ಚಿದ್ರು, ನೇಮಕಾತಿ ಪತ್ರ ಕೊಟ್ರು, ಆ ಪತ್ರ ನಮ್ಮವ್ವ ದೇವರ ಜಗಲಿ ಮ್ಯಾಲೆ ಇಟ್ಟಿದ್ದಳು. ಅದಾದ ಒಂದ ವಾರಕ್ಕ ಫ್ಲೆಕ್ಸಿನ ರೊಕ್ಕಕ್ಕ ಓಡ್ಯಾಡಾಕ ಹತ್ತಿದ್ದೆ. ಮೊದಲನೇ ವರ್ಷ ಹುಟ್ಟುಹಬ್ಬ, ಸ್ವಾಗತ, ಅಭಿನಂದನೆ ಅಂತ ಹಾಕಿದ್ದಕ್ಕ ಅಪ್ಪನ ಕಬ್ಬಿನ ಬಿಲ್ಲಿನಾಗ ಒಂದ ಪಾಲು ಹೋತು, ಗಾಡಿ ಬಾಡಗಿ ಕೊಡೋರು ಕಡೀಗೂ ಕೊಡಲಿಲ್ಲ, ಕ್ರೂಸರ್ ಮಾಲಕ ನಮ್ಮ ಮನೀ ಮುಂದ ಬಂದ ನಿಂತ, ಅಪ್ಪ ಒಳಗಿಂದ ರೊಕ್ಕ ತಂದ ಕೊಟ್ಟ. ಅವತ್ತ ಅಪ್ಪ ನನಗ ಒಂದ ಮಾತೂ ಅನಲಿಲ್ಲ, ಅದು ಇವತ್ತಿಗೂ ನನಗ ಚುಚ್ಚತೈತಿ. ಅದಕ್ಕ ನಿಮ್ಮಪ್ಪ ಬ್ಯಾಡ ಅನ್ನೂದನ್ನ ಹಳೇ ಕಾಲದವರ ಅಂಜಿಕಿ ಅಂತ ತಿಳೀಬ್ಯಾಡ.

ನಾ ಸೇರಬ್ಯಾಡ ಅನ್ನಾಕತ್ತಿಲ್ಲ. ಆದ್ರ ನಿನ್ನಂಥ ಹುಡುಗ್ರು ಯಾಕ ಹಿಂಗ ಸಾಹೇಬ್ರ ಗೇಟ್ ಮುಂದ ನಿಲ್ಲಬೇಕಾಗೈತಿ ಅನ್ನೂದನ್ನ ಮೊದಲ ತಿಳಕೋ. ನಮ್ಮ ರಾಜ್ಯದಾಗ ಕಾಲೇಜ್ ವಿದ್ಯಾರ್ಥಿ ಸಂಘದ ನೇರ ಚುನಾವಣೆ ನಿಂತು ಮೂವತ್ತ ವರ್ಷ ದಾಟೇತಿ. ಅಲ್ಲಿ ಒಬ್ಬ ಹುಡುಗ ಭಾಷಣ ಮಾಡೂದು, ಸೋಲೂದು, ಸೋತ ಮ್ಯಾಲೂ ಕ್ಲಾಸಿಗೆ ಹೋಗಿ ಎಲ್ಲಾರ ಜೋಡಿ ಕೂಡೂದು ಕಲೀತಿದ್ದ. ಆ ಮೆಟ್ಟಿಲ ಹೋತು. ಇನ್ನೊಂದ ಮೆಟ್ಟಿಲ ಇತ್ತು, ಅಬ್ದುಲ್ ನಜೀರ್ ಸಾಬ್ರು ಮಂತ್ರಿ ಇದ್ದಾಗ 1983ರ ಕಾಯ್ದೆ ತಂದು 1987ರಾಗ ಜಿಲ್ಲಾ ಪರಿಷತ್, ಮಂಡಲ ಪಂಚಾಯತಿ ಚುನಾವಣೆ ಮಾಡಿಸಿದ್ರಲ್ಲ, ಅವತ್ತ ಹಳ್ಳಿ ಹುಡುಗ್ರಿಗೆ ಒಂದ ದಾರಿ ತೆರೀತು, ಮುಂದ 1993ರ ಪಂಚಾಯತ್ ರಾಜ್ ಕಾಯ್ದೆ ಬಂದ ಮ್ಯಾಲೆ ತಾಲೂಕಾ ಪಂಚಾಯತಿ, ಜಿಲ್ಲಾ ಪಂಚಾಯತಿಗೆ 21 ವರ್ಷಕ್ಕ ನಿಲ್ಲಬಹುದು ಅಂತ ಆತು, ಪಕ್ಷದ ಚಿಹ್ನೆ ಮ್ಯಾಲೇ ನಿಲ್ಲೂದು. ಆದ್ರ 2021ರಾಗ ಆ ಸದಸ್ಯರ ಅವಧಿ ಮುಗದ ಮ್ಯಾಲೆ ಮೀಸಲಾತಿ, ಕ್ಷೇತ್ರ ವಿಂಗಡಣೆ, ಕೋರ್ಟು ಅಂತ ವರ್ಷಗಟ್ಟಲೆ ಚುನಾವಣೆನ ಆಗಲಿಲ್ಲ. ಹಂಗಾದ್ರ ಉಳದದ್ದೇನು? ವಿಧಾನಸಭಾ. ಬೆಳಗಾವಿ 18, ವಿಜಯಪುರ 8, ಬಾಗಲಕೋಟಿ 7, ಮೂರೂ ಜಿಲ್ಲಾ ಸೇರಿ 33 ಸೀಟ್. ಕೆಳಗ ಯುವ ಘಟಕದ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಸೋಶಿಯಲ್ ಮೀಡಿಯಾ ಸಂಚಾಲಕ ಅಂತ ಸಾವಿರಗಟ್ಟಲೆ ಹುಡುಗ್ರು, ಮ್ಯಾಲೆ 33 ಕುರ್ಚಿ, ನಡಕ ಏನೂ ಇಲ್ಲ. ನಡಕಿನ ಮೆಟ್ಟಿಲ ಇಲ್ಲದಾಗ ಮ್ಯಾಲಿನವರ ಕೈ ಹಿಡಕೊಂಡ ಏರೂದಷ್ಟ ದಾರಿ ಆಗತೈತಿ, ಕೈ ಹಿಡಿಯೋರು ಫ್ಲೆಕ್ಸ್ ಕೇಳತಾರ. ತಪ್ಪು ನಿನ್ನೊಬ್ಬಂದ ಅಲ್ಲ.

ನಿಮ್ಮ ಜಮಖಂಡಿ ಕಡೆನ ನೋಡು. ಸಾವಳಗಿ ಊರಿನ ಬಿ.ಡಿ. ಜತ್ತಿಯವರು ಜಮಖಂಡಿಯೊಳಗ ವಕೀಲಿ ಮಾಡಕೋತ, ಅಲ್ಲಿ ಮುನ್ಸಿಪಾಲ್ಟಿಯಿಂದ ಶುರು ಮಾಡಿ 1958ರಾಗ ಮುಖ್ಯಮಂತ್ರಿ ಆದ್ರು, 1974ರಾಗ ಉಪರಾಷ್ಟ್ರಪತಿ ಆದ್ರು, 1977ರಾಗ ಕೆಲವ ತಿಂಗಳ ಹಂಗಾಮಿ ರಾಷ್ಟ್ರಪತಿನೂ ಇದ್ರು. ಮುನ್ಸಿಪಾಲ್ಟಿ ಅಂದ್ರ ನಳ, ಗಟಾರ, ಲೈಟಿನ ಕೆಲಸ. ಇನ್ನ ಸಿದ್ದು ನ್ಯಾಮಗೌಡ್ರು. ಕೃಷ್ಣಾ ನದಿಗೆ ಚಿಕ್ಕಪಡಸಲಗಿ ಹತ್ರ ರೈತರ ರೊಕ್ಕ, ರೈತರ ಬೆವರಿನ ಮ್ಯಾಲೆ ಬ್ಯಾರೇಜ್ ಕಟ್ಟಿಸಿದ್ರು, 1989ರಾಗ ಮುಗೀತು, ಶ್ರಮಬಿಂದು ಸಾಗರ ಅಂತ ಹೆಸರ ಆತು. ಎರಡ ವರ್ಷಕ್ಕ, 1991ರ ಲೋಕಸಭಾ ಚುನಾವಣೆಯೊಳಗ ಬಾಗಲಕೋಟಿಯಿಂದ ರಾಮಕೃಷ್ಣ ಹೆಗಡೆಯಂಥ ಮಾಜಿ ಮುಖ್ಯಮಂತ್ರಿನ್ನ ಸೋಲಿಸಿ ಕೇಂದ್ರದಾಗ ರಾಜ್ಯ ಮಂತ್ರಿ ಆದ್ರು. ಬ್ಯಾರೇಜ್ ಸಿದ್ದು ಅಂತನ ಮಂದಿ ಕರೀತಿದ್ರು. ಆ ಹೆಸರ ಯಾವ ನೇಮಕಾತಿ ಪತ್ರದಾಗ ಬಂದದ್ದಲ್ಲ ತಮ್ಮಾ, ನೀರು ಹೊಲಕ್ಕ ಮುಟ್ಟಿದ ಮ್ಯಾಲೆ ಮಂದಿ ಬಾಯಾಗ ಬಂದದ್ದು.

ಇನ್ನ ನೌಕರಿ ಮಾತು. ಪರೀಕ್ಷಾಕ್ಕ ಓದೂ ಹುಡುಗ ಪಕ್ಷದಾಗ ಇದ್ದ ಅಂತ ನೌಕರಿ ಕೊಡೂದಿಲ್ಲ ಅನ್ನಾಕ ಬರೂದಿಲ್ಲ, 1983ರಾಗ ಸುಪ್ರೀಂ ಕೋರ್ಟ್ ಮಧ್ಯಪ್ರದೇಶದ ಒಬ್ಬ ಮಾಸ್ತರನ ಕೇಸಿನಾಗ ಇದನ್ನ ಸ್ಪಷ್ಟ ಹೇಳೇತಿ, ಹಿಂದಿನ ರಾಜಕೀಯದ ಕಾರಣಕ್ಕ ನೌಕರಿ ತಪ್ಪಿಸಬಾರದು ಅಂತ. ಆದ್ರ ನೌಕರಿ ಸಿಕ್ಕ ದಿನ ಪಕ್ಷದ ಸದಸ್ಯತ್ವ ಬಿಡಲೇಬೇಕು, ಸರ್ಕಾರಿ ನೌಕರರ ನಡತೆ ನಿಯಮ ಅದನ್ನ ಬಿಡೂದಿಲ್ಲ. ನಿನಗ ಖರೇ ಅಪಾಯ ಇರೂದು ಸದಸ್ಯತ್ವದಿಂದ ಅಲ್ಲ, ಕೇಸಿನಿಂದ. ಅದರ ಬಗ್ಗೆ ಕೆಳಗ ಇಂಡಿ ಕಡೆ ತಾಯಿಗೆ ಬರದೇನಿ, ಅದನ್ನೂ ಓದು. ಮತ್ತ ಫ್ಲೆಕ್ಸ್ ಅಂದ್ಯಲ್ಲ, ಪರ್ಮಿಶನ್ ಇಲ್ಲದ ಊರಾಗ ಕಂಡಕಂಡಲ್ಲೆ ಫ್ಲೆಕ್ಸ್ ಕಟ್ಟೂದಕ್ಕ 1981ರ ಬಯಲು ಸ್ಥಳಗಳ ವಿರೂಪ ತಡೆ ಕಾಯ್ದೆ ಹತ್ತತೈತಿ, ಫ್ಲೆಕ್ಸಿನ ಕೆಳಗ 'ಶುಭ ಕೋರುವವರು' ಅಂತ ಇರೂದು ನಿನ್ನ ಹೆಸರು, ನಿನ್ನ ಫೋಟೋ, ಸಾಹೇಬ್ರದಲ್ಲ.

ನನ್ನ ಮಾತ ಕೇಳತಿ ಅಂದ್ರ ಹಿಂಗ ಮಾಡು. ಮುಖಂಡ್ರ ಕಡೆ ಹೋಗಿ, ಅಣ್ಣಾರ ಈ ವರ್ಷ ನನಗ ಹುದ್ದೆ ಬ್ಯಾಡ್ರಿ, ಪರೀಕ್ಷಾ ಐತಿ, ನಮ್ಮೂರ ಬೂತ್ ಒಂದ ನನಗ ಬಿಡ್ರಿ, ಅದನ್ನ ಚೊಲೋ ಮಾಡಿ ತೋರಸತೇನಿ, ರೊಕ್ಕ ಹಾಕಾಕ ಮಾತ್ರ ಆಗೂದಿಲ್ಲ ಅಂತ ಎದುರಿಗೇ ಹೇಳು. ಅವರು ಹೂಂ ಅಂದ್ರ ಅಲ್ಲೆ ನಿನಗ ಜಾಗ ಐತಿ. ಸಿಟ್ಟಾಗಿ ಆ ಹುದ್ದೆ ಬ್ಯಾರೆಯವರಿಗೆ ಕೊಟ್ರು ಅಂದ್ರ ಅವರಿಗೆ ಬೇಕಾಗಿದ್ದು ನೀ ಅಲ್ಲ, ಎರಡ ಕ್ರೂಸರ್. ಅದನ್ನ 23ಕ್ಕ ತಿಳಕೊಂಡ್ರ ಚೊಲೋ, ನನಗ ತಿಳಿಯೂದ್ರಾಗ 33 ಆಗಿತ್ತು.

ಪ್ರಶ್ನೆ: ನಮ್ಮ ತಾಲೂಕಿನ ಯುವ ಅಧ್ಯಕ್ಷರಿಗೆ ಮಗಳ ಮದುವಿ ಆಗೇತಿ. ಯುವ ಅಂದ್ರ ಎಷ್ಟ ವರ್ಷದ ತನಕ್ರಿ?
ಒಬ್ಬ ಓದುಗ, ಮುಧೋಳ

ಉತ್ತರ: ಯುವ ಕಾಂಗ್ರೆಸ್ಸಿನಾಗ 18ರಿಂದ 35 ಅಂತ ನಿಯಮ ಐತಿ, ಬ್ಯಾರೆ ಪಕ್ಷದಾಗೂ ಲೆಕ್ಕ ಅದರ ಹತ್ತಿರಾನ ಇರತೈತಿ, ಆದ್ರ ತಾಲೂಕಾ ಮಟ್ಟಕ್ಕ ಬಂದಾಗ ಯಾರೂ ಟಿಸಿ ತಗದು ನೋಡೂದಿಲ್ಲ. ಇದು ಸಣ್ಣ ಮಾತಲ್ರಿ. ಮತ ಹಾಕೂ ವಯಸ್ಸು 21ರಿಂದ 18ಕ್ಕ ಇಳಿಸಿದ್ದು 61ನೇ ತಿದ್ದುಪಡಿ, 1989ರಾಗ ಜಾರಿ ಆತು, ಪಂಚಾಯತಿಗೆ ನಿಲ್ಲಾಕ 21 ಸಾಕು, ವಿಧಾನಸಭಾಕ್ಕ 25. ಕಾನೂನ 18ಕ್ಕ, 21ಕ್ಕ ಬಾಗಲ ತೆರೀತೈತಿ, ನಾವು ನಲವತ್ತೈದರವರನ್ನ ಆ ಬಾಗಲದಾಗ ಅಡ್ಡ ಕುಂದ್ರಸತೀವಿ. ಅವರಿಗೆ ಮಾತೃಪಕ್ಷದಾಗ ಜಾಗ ಕೊಡ್ರಿ, ಅವಮಾನ ಮಾಡಬ್ಯಾಡ್ರಿ, ಆದ್ರ ಜಾಗ ಬಿಡಸ್ರಿ.

ಪ್ರಶ್ನೆ: ನನ್ನ ಮಗ 21 ವರ್ಷದಾವ. ಪಕ್ಷದ ಹುಡುಗ್ರ ಜೋಡಿ ಹೋಗಿ ಹೈವೇದಾಗ ರಸ್ತಾ ರೋಕೋ ಮಾಡ್ಯಾನ. ಕೇಸ್ ಆಗೇತಿ ಅಂತ ಈಗ ಸಮನ್ಸ್ ಬಂದೈತಿ. ಕರಕೊಂಡ ಹೋದವರು ಫೋನ್ ಎತ್ತವಲ್ರು. ಅವ ಪೊಲೀಸ್ ಆಗಬೇಕಂತ ದಿನಾ ಮುಂಜಾನೆ ಓಡತಾನ್ರಿ. ಅವನ ಜೀವನ ಹಾಳಾತೇನ್ರಿ?
ಒಬ್ಬ ತಾಯಿ, ಇಂಡಿ ತಾಲೂಕು

ಉತ್ತರ: ಇಲ್ರೀ ಅವ್ವಾರ, ಹಾಳಾಗಿಲ್ಲ. ಮೊದಲ ಧೈರ್ಯ ತಗೋರಿ.

ಮೊದಲ ಕೆಲಸ, ಎಫ್ಐಆರ್ ಕಾಪಿ ತಗಸ್ರಿ, ರಾಜ್ಯ ಪೊಲೀಸ್ ವೆಬ್‌ಸೈಟಿನಾಗ ಸಿಗತೈತಿ, ಸ್ಟೇಷನ್‌ನಾಗೂ ಕೇಳಬಹುದು. ಅದರಾಗ ಯಾವ ಸೆಕ್ಷನ್ ಹಾಕ್ಯಾರ ನೋಡ್ರಿ. 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆ ಬಂದೈತಿ, ದಾರಿ ಅಡ್ಡಗಟ್ಟಿದ್ದಕ್ಕ 126(2), ಗುಂಪುಗೂಡಿದ್ದಕ್ಕ 189(2) ಅಂತ ಇದ್ರ ಅವು ದೊಡ್ಡ ಸೆಕ್ಷನ್ ಅಲ್ಲ. 132 ಅಂತ ಇದ್ರ ಮಾತ್ರ ಹಗುರ ತಗೋಬ್ಯಾಡ್ರಿ, ಅದು ಸರ್ಕಾರಿ ನೌಕರನ ಮ್ಯಾಲೆ ಕೈ ಮಾಡಿದ್ದು ಅಂತ. ಸಮನ್ಸ್ ಬಂದ ತಾರೀಕಿಗೆ ಅವ ಕೋರ್ಟಿಗೆ ಹೋಗಲೇಬೇಕು. ನಮ್ಮ ಕಡೆ ಹುಡುಗ್ರು ಮಾಡೂ ದೊಡ್ಡ ತಪ್ಪು ಇದ, ಸಾಹೇಬ್ರು ನೋಡಕೋತಾರ ಅಂತ ಸುಮ್ಮನ ಕುಂದರತಾರ, ಎರಡ ಮೂರ ತಾರೀಕ ತಪ್ಪಿದ ಮ್ಯಾಲೆ ವಾರಂಟ್ ಬರತೈತಿ, ಸಣ್ಣ ಕೇಸು ಅಲ್ಲಿಂದ ದೊಡ್ಡದ ಆಗತೈತಿ. ವಕೀಲರ ಫೀಗೆ ರೊಕ್ಕ ಇಲ್ಲಂದ್ರ ತಾಲೂಕಾ ಕೋರ್ಟಿನಾಗ ಕಾನೂನು ಸೇವಾ ಸಮಿತಿ ಆಫೀಸ್ ಇರತೈತಿ, ಆದಾಯ ಕಮ್ಮಿ ಇದ್ದೋರಿಗೆ ಫುಕಟ ವಕೀಲರನ್ನ ಕೊಡತಾರ, 15100ಕ್ಕ ಫೋನ್ ಹಚ್ಚಿದ್ರೂ ದಾರಿ ತೋರಸತಾರ.

ಎರಡನೇದು ನೌಕರಿ. ಪೊಲೀಸ್ ಅರ್ಜಿಯೊಳಗ, ವೆರಿಫಿಕೇಶನ್ ಫಾರ್ಮಿನಾಗ ಕೇಸ್ ಐತೇನು ಅಂತ ಕೇಳಿದ್ರ ಐತಿ ಅಂತ ಖರೇ ಬರೀಬೇಕು. ಮುಚ್ಚಿಟ್ಟ ಸಿಕ್ಕಬಿದ್ರ ಕೇಸಿಗಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪ ಆಗತೈತಿ. 2016ರಾಗ ಸುಪ್ರೀಂ ಕೋರ್ಟ್ ಅವತಾರ್ ಸಿಂಗ್ ಅನ್ನೋರ ಕೇಸಿನಾಗ ಇದರ ಬಗ್ಗೆನ ತೀರ್ಪು ಕೊಟ್ಟೈತಿ, ಸಣ್ಣ ವಯಸ್ಸಿನಾಗ ಘೋಷಣೆ ಕೂಗಿದಂಥ ಸಣ್ಣ ಪ್ರಕರಣನ್ನ ಇಲಾಖೆ ಬದಿಗಿಟ್ಟು ನೋಡಬಹುದು ಅಂತ ಹೇಳೇತಿ. 'ನೋಡಬಹುದು' ಅಂತ ಐತಿ, 'ನೋಡಲೇಬೇಕು' ಅಂತಿಲ್ಲ, ಅದಕ್ಕ ಕೇಸ್ ಲಗೂನ ಮುಗಸಕೊಳ್ಳೂದು ಚೊಲೋ. ಯಾರರ 'ಸರ್ಕಾರ ಬಂದ ಮ್ಯಾಲೆ ಕೇಸ್ ವಾಪಸ್ ತಗಸತೀವಿ' ಅಂದ್ರ ಅದನ್ನ ನಂಬಿ ಕುಂದರಬ್ಯಾಡ್ರಿ. ಸರ್ಕಾರ ಮನಸ್ಸ ಮಾಡಿದ್ರೂ ಸರ್ಕಾರಿ ವಕೀಲರು ಅರ್ಜಿ ಹಾಕಬೇಕು, ಕೋರ್ಟ್ ಒಪ್ಪಬೇಕು, ಅದು ನಿಮ್ಮ ಹುಡುಗನ ಪರೀಕ್ಷಾ ತಾರೀಕಿಗೆ ಕಾಯೂದಿಲ್ಲ.

ಫೋನ್ ಎತ್ತಲಾರದವರಿಗೆ ಒಂದ ಮಾತು ಇಲ್ಲೆ ಹೇಳತೇನಿ, ಈ ಪತ್ರಿಕಿ ಅವರ ಆಫೀಸಿಗೂ ಹೋಗತೈತಿ. ಹುಡುಗನ್ನ ಗಾಡಿಯಾಗ ಕುಂದ್ರಿಸಿ ಕರಕೊಂಡ ಹೋದವರು ಅವನ ಜೋಡಿ ಕೋರ್ಟಿನ ಕಟ್ಟಿ ಮ್ಯಾಲೂ ಕುಂದರಬೇಕು. ನಮ್ಮ ಘಟಕದಾಗ ಇಂಥಾದ್ದ ಆದಾಗ ನಾವು ನಾಕ ಮಂದಿ ರೊಕ್ಕ ಕೂಡಿಸಿ ಒಬ್ಬ ವಕೀಲರನ್ನ ಹಿಡದಿದ್ವಿ, ಎರಡ ವರ್ಷ ತಾರೀಕಿಗೆ ಸರದಿ ಮ್ಯಾಲೆ ಹೋದ್ವಿ. ದೊಡ್ಡವರು ಬರಲಿಲ್ಲ. ಆ ಹುಡುಗ್ರು ಇವತ್ತಿಗೂ ನನ್ನ ಮನೀಗೆ ಬರತಾರ.

ಪ್ರಶ್ನೆ: ಸರ್, ನನಗ 26, ಎಂ.ಎ. ಮಾಡೇನಿ, ಹೊಲಿಗಿ ಕ್ಲಾಸ್ ನಡಸತೇನಿ. ಯುವ ಘಟಕದಾಗ ಸೇರೇನಿ ಆದ್ರ ನನಗ ಕೊಡೂ ಕೆಲಸ ಅಂದ್ರ ಸ್ವಾಗತಕ್ಕ ಆರತಿ ಹಿಡಿಯೂದು, ಗ್ರೂಪ್ ಫೋಟೋದಾಗ ಮುಂದ ನಿಲ್ಲೂದು. ಮೀಟಿಂಗ್ ಎಲ್ಲಾ ರಾತ್ರಿ ಒಂಬತ್ತರ ಮ್ಯಾಲೆ ದಾಬಾದಾಗ. ಬಿಡಬೇಕೇನ್ರಿ?
ಒಬ್ಬ ಓದುಗಿ, ಬೈಲಹೊಂಗಲ

ಉತ್ತರ: ಬಿಡಬ್ಯಾಡ ತಂಗಿ. ದಾಬಾದ ಮೀಟಿಂಗ್ ಬಿಡು, ಪಕ್ಷ ಬಿಡಬ್ಯಾಡ. ನಾ ಇದ್ದ ಘಟಕದಾಗೂ ಮೀಟಿಂಗ್ ಹಂಗ ಆಗತಿದ್ದವು, ಒಂಬತ್ತ ವರ್ಷದಾಗ ನಾನೂ ಅದನ್ನ ಯಾಕ ಅಂತ ಕೇಳಲಿಲ್ಲ, ಅದು ನನ್ನ ತಪ್ಪು. ಹಗಲ ಹನ್ನೊಂದಕ್ಕ ಆಫೀಸಿನಾಗ ಮೀಟಿಂಗ್ ಇಡ್ರಿ ಅಂತ ಬರದ ಕೊಡು, ನಿನ್ನ ಜೋಡಿ ಇನ್ನೊಬ್ಬಾಕಿ ಸಹಿ ಇರಲಿ, ಇಬ್ಬರು ಕೇಳಿದ್ದಕ್ಕ ಬ್ಯಾರೆನ ತೂಕ.

ಕೈಯಾಗ ಇರೂ ಲೆಕ್ಕ ಒಂದ ಹೇಳತೇನಿ, ನಮ್ಮ ರಾಜ್ಯದ ಪಂಚಾಯತಿಗಳೊಳಗ ಅರ್ಧ ಸೀಟು ಹೆಣ್ಣಮಕ್ಕಳಿಗೆ ಮೀಸಲ. ಗ್ರಾಮ ಪಂಚಾಯತಿಗೆ ಪಕ್ಷದ ಚಿಹ್ನೆನೂ ಇಲ್ಲ, ಯಾರ ಟಿಕೆಟ್ಟೂ ಬೇಕಾಗಿಲ್ಲ. ಆದ್ರ ಚುನಾವಣೆ ಬಂದಾಗ ಮನಿಯಾಗ ಕುಂತಾಕಿನ್ನ ತಂದ ನಿಲ್ಲಸತಾರ, ಆಮೇಲೆ ಸಭಾಕ್ಕ ಗಂಡ ಬಂದ ಕುಂದರತಾನ. ಯಾಕಂದ್ರ ತಯಾರಾದ ಹೆಣ್ಣಮಕ್ಕಳನ್ನ ಯಾರೂ ಮೊದಲ ತಯಾರ ಮಾಡಿರೂದಿಲ್ಲ. ನೀ ಎಂ.ಎ. ಓದೀದಿ, ಹೊಲಿಗಿ ಕ್ಲಾಸಿಗೆ ಬರೂ ಹೆಣ್ಣಮಕ್ಕಳ ಮನಿ ಮನಿ ಕಥಿ ನಿನಗ ಗೊತ್ತು, ಯಾರಿಗೆ ಪಿಂಚಣಿ ನಿಂತೈತಿ, ಯಾರ ರೇಷನ್ ಕಾರ್ಡಿನಾಗ ಹೆಸರ ಬಿಟ್ಟೈತಿ ಅಂತ. ಅದನ್ನೆಲ್ಲಾ ಒಂದ ವಹಿಯಾಗ ಬರದಿಡು, ಆರತಿ ತಾಟಿಗಿಂತ ಆ ವಹಿ ದೊಡ್ಡದು. ವಾರ್ಡ್ ಸಭಾ, ಗ್ರಾಮಸಭಾ ಆರ ತಿಂಗಳಿಗೊಮ್ಮೆ ಆಗಲೇಬೇಕು ಅಂತ ಕಾಯ್ದೆ ಐತಿ, ಅಲ್ಲೆ ಎದ್ದ ನಿಂತ ಮಾತಾಡು, ಮೊದಲನೇ ಸಲ ದನಿ ನಡಗತೈತಿ, ಎಲ್ಲಾರಿಗೂ ನಡಗತೈತಿ. ನಿಮ್ಮ ಜಿಲ್ಲಾದಾಗ ಲಕ್ಷ್ಮೀ ಹೆಬ್ಬಾಳ್ಕರ್ ಅವರು, ಶಶಿಕಲಾ ಜೊಲ್ಲೆ ಅವರು ಬ್ಯಾರೆ ಬ್ಯಾರೆ ಪಕ್ಷದಿಂದ ಶಾಸಕರಾಗಿ ಮಂತ್ರಿ ಆಗ್ಯಾರ. ವಿಧಾನಸಭಾಕ್ಕ ಮೂರರಾಗ ಒಂದ ಪಾಲು ಮೀಸಲಾತಿ 106ನೇ ತಿದ್ದುಪಡಿಯಿಂದ 2023ರಾಗ ಪಾಸ್ ಆಗೇತಿ, ಜನಗಣತಿ, ಕ್ಷೇತ್ರ ವಿಂಗಡಣೆ ಆದ ಮ್ಯಾಲೆ ಬರತೈತಿ. ಬಂದಾಗ ಪಕ್ಷದವರು ಹೆಣ್ಣಮಕ್ಕಳು ಎಲ್ಲಿದಾರ ಅಂತ ಹುಡುಕಾಡತಾರ. ಅವತ್ತ ಅವರ ಮನಿಯವರಷ್ಟ ಕಾಣಬಾರದು, ನಿನ್ನಂಥಾಕಿನೂ ಕಾಣಬೇಕು.

ಪ್ರಶ್ನೆ: ಎಷ್ಟ ದುಡದ್ರೂ ಕಡೀಗೆ ಟಿಕೆಟ್ ನಾಯಕರ ಮಕ್ಕಳಿಗೇ. ಹಂಗಾದ್ರ ಯುವ ಘಟಕ ಯಾಕ ಬೇಕು?
ಒಬ್ಬ ಓದುಗ, ಚಿಕ್ಕೋಡಿ

ಉತ್ತರ: ನಿಮ್ಮ ಸಿಟ್ಟು ಖರೇ ಐತಿ. 2024ರ ಲೋಕಸಭಾ ಚುನಾವಣೆಯೊಳಗ ನಮ್ಮ ಕಡೆ ಮೂರ ಕ್ಷೇತ್ರದಾಗ ಕಾಂಗ್ರೆಸ್ಸಿನವರು ನಿಲ್ಲಿಸಿದ್ದು ಯಾರನ್ನ? ಚಿಕ್ಕೋಡಿಗೆ ಮಂತ್ರಿ ಸತೀಶ ಜಾರಕಿಹೊಳಿಯವರ ಮಗಳು ಪ್ರಿಯಾಂಕಾ, ಬೆಳಗಾವಿಗೆ ಮಂತ್ರಿ ಹೆಬ್ಬಾಳ್ಕರ್ ಅವರ ಮಗ ಮೃಣಾಲ್, ಬಾಗಲಕೋಟಿಗೆ ಮಂತ್ರಿ ಶಿವಾನಂದ ಪಾಟೀಲರ ಮಗಳು ಸಂಯುಕ್ತಾ. ಚಿಕ್ಕೋಡಿಯೊಳಗ 27ನೇ ವಯಸ್ಸಿಗೆ ಗೆದ್ದ ಸಂಸದೆ ಆದ್ರು, ಉಳದ ಇಬ್ಬರು ಸೋತ್ರು. ಬಾಗಲಕೋಟಿಯೊಳಗ ಗೆದ್ದ ಬಿಜೆಪಿಯ ಗದ್ದಿಗೌಡರ ಅವರದು ಅದು ಐದನೇ ಗೆಲುವು. ಅಂದ್ರ ಎಳೇ ವಯಸ್ಸಿನವರಿಗೆ ಟಿಕೆಟ್ ಸಿಗೂದಿಲ್ಲ ಅಂತಲ್ಲ, ಸಿಗತೈತಿ, ಆದ್ರ ಮನಿತನ ಇದ್ದವರಿಗೆ. ಅತ್ತ ಜೆಡಿಎಸ್ ಯುವ ಘಟಕದ ಅಧ್ಯಕ್ಷಗಿರಿ ನಿಖಿಲ್ ಕುಮಾರಸ್ವಾಮಿಯವರ ಕಡೆ ಬಂತು, ಅವರು 2019ರಾಗ ಮಂಡ್ಯ, 2023ರಾಗ ರಾಮನಗರ, 2024ರಾಗ ಚನ್ನಪಟ್ಟಣ ಮೂರೂ ಕಡೆ ಸೋತ್ರು. ಹೆಸರಿದ್ರ ಟಿಕೆಟ್ ಮತ್ತ ಮತ್ತ ಬರತೈತಿ, ಗೆಲುವು ಬರತೈತಿ ಅಂತಿಲ್ಲ. ನಮ್ಮಂಥ ಮನಿಯವರಿಗೆ ಒಂದ ಸಲ ಸೋತ್ರ ಮುಗೀತು, ಅನ್ಯಾಯ ಇರೂದು ಅಲ್ಲೆ.

ಒಳಗ ಚುನಾವಣೆ ಇಟ್ರ ಇದು ಸರಿ ಹೋಗತೈತಿ ಅಂತ ಯುವ ಕಾಂಗ್ರೆಸ್ಸಿನಾಗ ಪದಾಧಿಕಾರಿಗಳಿಗೆ ಸದಸ್ಯರು ಮತ ಹಾಕೂ ಪದ್ಧತಿ ತಂದ್ರು. ನಾ ಅದನ್ನ ಚೊಲೋ ಪ್ರಯತ್ನ ಅಂತನ ತಿಳೀತೇನಿ, ನೇಮಕಕ್ಕಿಂತ ಮತ ಮೇಲು. ಆದ್ರ 2021ರಾಗ ಏನಾತು, ಹೆಚ್ಚ ಮತ ಬಿದ್ದವರನ್ನ ಅನರ್ಹ ಅಂತ ಬದಿಗಿಟ್ಟು ಎರಡನೇಯವರನ್ನ ಅಧ್ಯಕ್ಷರು ಅಂದ್ರು, ಮುಂದ 2022ರಾಗ ಮೊದಲಿನವರಿಗೇ ಅಧ್ಯಕ್ಷಗಿರಿ ಕೊಟ್ರು. ಮತ್ತ ಸದಸ್ಯತ್ವ ಮಾಡಸಾಕ ಯಾರ ಕಡೆ ಗಾಡಿ, ಮಂದಿ, ರೊಕ್ಕ ಇರತೈತೋ ಅವರದ ಕೈ ಮ್ಯಾಲ. ಉಳದ ಎರಡೂ ಪಕ್ಷದಾಗ ಮ್ಯಾಲಿಂದ ನೇಮಕ.

ಹಂಗಾದ್ರ ಯಾಕ ಬೇಕು ಅಂತ ಕೇಳೀರಿ. ನೀವು ಬಿಟ್ಟ ಹೊರಗ ನಿಂತ್ರ ಆ ಜಾಗದಾಗ ಕುಂದರೂದು ಯಾರು ಅಂತ ಗೊತ್ತೈತಲ್ಲ. ಒಳಗಿದ್ದ ಜಿಲ್ಲಾ ಪಂಚಾಯತಿ ಚುನಾವಣೆ ಮಾಡ್ರಿ, ಕಾಲೇಜ್ ಚುನಾವಣೆ ಮಾಡ್ರಿ ಅಂತ ಮೂರೂ ಪಕ್ಷದ ಹುಡುಗ್ರು ಕೂಡಿ ಕೇಳಬೇಕು. ಡಿಸೆಂಬರ್ ಬಂತಂದ್ರ ಸುವರ್ಣ ವಿಧಾನಸೌಧದಾಗ ಅಧಿವೇಶನ, ಕೊಂಡಸಕೊಪ್ಪದ ಟೆಂಟಿನಾಗ ಧರಣಿ, ಯುವ ಘಟಕದವರೂ ಇರತಾರ, ಎದುರು ಪಕ್ಷದ ಮ್ಯಾಲೆ ಘೋಷಣೆ ಕೂಗಿ ಬರತಾರ. ತಮ್ಮ ಮೆಟ್ಟಿಲ ತಮಗ ಕೊಡ್ರಿ ಅಂತ ಒಂದ ಟೆಂಟ್ ಹಾಕಿದ್ದನ್ನ ನಾ ನೋಡಿಲ್ಲ.

ಪ್ರಶ್ನೆ: ಪಕ್ಷದ ಸ್ವಯಂಸೇವಕರು ಅನ್ನೂ ಪದ್ಧತಿ ನಮ್ಮ ಕಡೆ ಯಾವಾಗಿಂದ ಐತ್ರಿ? ಕಾಲೇಜ್ ಪ್ರಾಜೆಕ್ಟಿಗೆ ಬೇಕಾಗೈತಿ.
ಒಬ್ಬ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ನಿಮ್ಮ ಊರಾಗೇ ಐತಿ ಉತ್ತರ. ಡಾ. ನಾ.ಸು. ಹರ್ಡೀಕರ್ ಅವರು 1923ರಾಗ ಹಿಂದೂಸ್ತಾನಿ ಸೇವಾದಳ ಅಂತ ಕಾಂಗ್ರೆಸ್ಸಿನ ಸ್ವಯಂಸೇವಕರ ದಳ ಕಟ್ಟಿದ್ರು, ಹುಬ್ಬಳ್ಳಿ ಅದರ ನೆಲಿ. ಮರುವರ್ಷ, 1924ರ ಡಿಸೆಂಬರ್‌ನಾಗ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಆತು, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದ ಅಧಿವೇಶನ ಅದು, ಗಂಗಾಧರರಾವ್ ದೇಶಪಾಂಡೆಯವರು ಮುಂದ ನಿಂತ ಮಾಡಿಸಿದ್ರು. ಸೇವಾದಳದ ಹುಡುಗ್ರು ಅಲ್ಲೆ ವ್ಯವಸ್ಥಾ ನೋಡಕೊಂಡ್ರು. ನೀರಿಗಂತ ತೋಡಿದ ಬಾವಿ ಇವತ್ತಿಗೂ ಟಿಳಕವಾಡಿ ಕಡೆ ಐತಿ, ಕಾಂಗ್ರೆಸ್ ಬಾವಿ ಅಂತನ ಕರೀತಾರ, ಹೋಗಿ ಫೋಟೋ ತಕ್ಕೊಂಡ ಬಾ.

ಪ್ರಶ್ನೆ: ನಮ್ಮ ಘಟಕ ಅಂದ್ರ ಬರೇ ವಾಟ್ಸಾಪ್ ಗ್ರೂಪ್, ಮುಂಜಾನೆ ಗುಡ್ ಮಾರ್ನಿಂಗ್, ರಾತ್ರಿ ಜಗಳ. ಆರು ಮಂದಿ ಖರೇ ಕೆಲಸ ಮಾಡೂಣು ಅಂತ ಅದೀವಿ. ಎಲ್ಲಿಂದ ಶುರು ಮಾಡೂಣು?
ಆರು ಗೆಳ್ಯಾರು, ಮುದ್ದೇಬಿಹಾಳ ತಾಲೂಕು

ಉತ್ತರ: ಆರು ಮಂದಿ ಭಾಳ ಆತು, ನಾವು ಮೂರ ಮಂದಿಯಿಂದ ಶುರು ಮಾಡಿದ್ವಿ. ಮತದಾರರ ಪಟ್ಟಿ ತಗೋರಿ. ನಿಮ್ಮ ಬೂತಿಂದಷ್ಟ, ಬ್ಯಾರೇದ್ದ ಈಗ ಬ್ಯಾಡ. ಪಟ್ಟಿ ಹಿಡಕೊಂಡ ಓಣಿ ಓಣಿ ಅಡ್ಡ್ಯಾಡ್ರಿ. ಸತ್ತವರ ಹೆಸರ ಇರತಾವು, ಮದುವಿ ಆಗಿ ಬಂದ ಸೊಸೆಂದ್ರ ಹೆಸರ ಇರೂದಿಲ್ಲ, ಗೋವಾಕ್ಕ, ಪುಣೆಕ್ಕ ದುಡಿಯಾಕ ಹೋದವರ ಮನಿಗೆ ಕೀಲಿ ಇರತೈತಿ, ಅವರು ಊರ ಬಿಟ್ಟ ಹೋದ್ರು ಅಂತ ಹೆಸರ ಹಾರೂದು ಅಲ್ಲೇ. ದುಡಿಯಾಕ ಹೋಗಿ ಜಾತ್ರಿಗೆ, ಹಬ್ಬಕ್ಕ ವಾಪಸ್ ಬರೋವರಿಗೆ ಫೋನ್ ಹಚ್ಚಿ ಹೇಳ್ರಿ. ಹೊಸ ಹೆಸರಿಗೆ ಫಾರ್ಮ್ 6, ತಿದ್ದಾಕ ಫಾರ್ಮ್ 8, ತಗಸಾಕ ಫಾರ್ಮ್ 7. ಮೊದಲ ಜನವರಿ 1ಕ್ಕ 18 ತುಂಬಿರಬೇಕಿತ್ತು, ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ನಾಕೂ ತಿಂಗಳ ಒಂದನೇ ತಾರೀಕಿಗೆ ಲೆಕ್ಕ ಹಿಡೀತಾರ, 17 ದಾಟಿದವರು ಮುಂಚೇನ ಅರ್ಜಿ ಕೊಟ್ಟ ಇಡಬಹುದು. ಕಾಲೇಜಿನ ಗೇಟಿಗೆ ಹೋದ್ರ ಒಂದ ದಿನದಾಗ ಎಷ್ಟ ಹುಡುಗ್ರು ಸಿಗತಾರ ನೀವ ನೋಡ್ರಿ. ಎದುರು ಪಕ್ಷದ ಮನಿ ಅಂತ ಯಾವ ಮನೀನೂ ಬಿಡಬ್ಯಾಡ್ರಿ, ನಾವು ಮೊದಲನೇ ವರ್ಷ ಬಿಟ್ಟಿದ್ವಿ, ಊರಾಗ ಮಾರಿ ತೋರಸಾಕ ಆಗಲಿಲ್ಲ.

ಬಿಎಲ್‌ಒ, ಅಂದ್ರ ನಿಮ್ಮ ಬೂತಿನ ಮತದಾರರ ಪಟ್ಟಿ ನೋಡಕೊಳ್ಳೂ ಅಧಿಕಾರಿ, ಯಾರು ಅಂತ ಮೊದಲ ಕೇಳಕೊಂಡ ಬರ್ರಿ. ಹೆಚ್ಚಾಗಿ ಅಂಗನವಾಡಿ ಟೀಚರೋ ಸಾಲಿ ಮಾಸ್ತರೋ ಇರತಾರ, ತಮ್ಮ ಕೆಲಸದ ಜೋಡಿ ಇದನ್ನೂ ಮಾಡತಿರತಾರ. ಪಕ್ಷದ ಶಾಲು ಹಾಕ್ಕೊಂಡ ಹೋಗಬ್ಯಾಡ್ರಿ, ಸಾಲಿ ಬಿಟ್ಟ ಮ್ಯಾಲೆ ಸಂಜೀಕ ಹೋಗ್ರಿ, ಅಕ್ಕಾರ ನಾವು ಆರ ಮಂದಿ ಅದೀವಿ, ಯಾವ ಓಣಿ ಉಳದೈತಿ ಹೇಳ್ರಿ ಅನ್ರಿ.